ಕಾಲೇಜಿನ ಹಳೇ ಲ್ಯಾಬ್ ಮಷಿನ್ ಮೇಲೆ ರೇಡಿಯೇಷನ್ ಸ್ಟಿಕರ್ ಇದೆ, ಗುಜರಿಗೆ ಹಾಕಬಹುದಾ?

ಹಾಕಬೇಡಿ. ಹರಾಜಿನ ಪಟ್ಟಿಯಿಂದ ಮೊದಲು ಅದನ್ನು ತೆಗೆಸಿ.

ನೀವು ಹೇಳಿದ ಪ್ರಕಾರ ಅದು 30 ವರ್ಷ ಹಳೆಯ ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಜಿಸಿ), ಅಂದರೆ ಮಿಶ್ರಣದಲ್ಲಿ ಏನೇನಿದೆ ಅಂತ ಬೇರ್ಪಡಿಸಿ ನೋಡುವ ಯಂತ್ರ. ತರಿಸಿದ ಮೇಷ್ಟ್ರು ನಿವೃತ್ತರಾಗಿದ್ದಾರೆ, ಕಾಗದಪತ್ರ ಸಿಗುತ್ತಿಲ್ಲ, ಸ್ಟಿಕರ್ ಮೇಲೆ 'ನಿಕಲ್-63' ಅಂತಿದೆ. ಹಾಗಾದರೆ ಅದರೊಳಗೆ ಇಸಿಡಿ ಅನ್ನುವ ಡಿಟೆಕ್ಟರ್ ಇದೆ, ಅದು ಕೆಲಸ ಮಾಡುವುದು ನಿಕಲ್-63ರ ವಿಕಿರಣದಿಂದ. ಕೀಟನಾಶಕದ ಉಳಿಕೆ ಪತ್ತೆ ಮಾಡಲು ಬಳಸುತ್ತಾರೆ. ಒಳಗಿನ ವಿಕಿರಣ ಮೂಲ ಸಾಮಾನ್ಯವಾಗಿ 10-15 ಮಿಲಿಕ್ಯೂರಿ (ವಿಕಿರಣ ಮೂಲದ ಅಳತೆ) ಇರುತ್ತದೆ.

ಮುಚ್ಚಿದ್ದಷ್ಟು ಕಾಲ ಹೆದರಬೇಕಾಗಿಲ್ಲ. ನಿಕಲ್-63ರ ಬೀಟಾ ಕಿರಣ ತುಂಬಾ ದುರ್ಬಲ, ಡಿಟೆಕ್ಟರಿನ ಲೋಹದ ಗೋಡೆಯನ್ನೇ ದಾಟುವುದಿಲ್ಲ. ತಾಪತ್ರಯ ಇರುವುದೂ ಇಲ್ಲೇ. ಯಾರೋ ಮೀಟರ್ ಹಿಡಿದು 'ಏನೂ ತೋರಿಸುತ್ತಿಲ್ಲ, ಖಾಲಿಯಾಗಿದೆ' ಅಂದರೆ ನಂಬಬೇಡಿ. ಇದರ ಅರ್ಧಾಯು, ಅಂದರೆ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 100 ವರ್ಷ. ನಿಮ್ಮದರಲ್ಲಿ ಐದರಲ್ಲಿ ನಾಲ್ಕು ಪಾಲು ಇನ್ನೂ ಉಳಿದಿದೆ. ಬಿಚ್ಚಿ ಕೆರೆದಾಗ ಏಳುವ ಪುಡಿ ಮೂಗು, ಬಾಯಿಗೆ ಹೋದರೆ ತೊಂದರೆ. ಗುಜರಿಯವರು ಮೊದಲು ಮಾಡುವುದೇ ಬಿಚ್ಚುವ ಕೆಲಸ, ಅಲ್ವಾ?

ದೆಹಲಿಯ ಮಾಯಾಪುರಿಯಲ್ಲಿ 2010ರಲ್ಲಿ ಆದದ್ದೂ ಅದೇ. ಅಲ್ಲಿದ್ದದ್ದು ಕೋಬಾಲ್ಟ್-60, ನಿಮ್ಮದಕ್ಕಿಂತ ಎಷ್ಟೋ ಪಟ್ಟು ಘೋರ. ದೆಹಲಿ ವಿಶ್ವವಿದ್ಯಾಲಯದವರು 1968ರಲ್ಲಿ ಕೆನಡಾದಿಂದ ತರಿಸಿದ್ದ ಯಂತ್ರ, 1985ರಿಂದ ಸುಮ್ನೆ ಬಿದ್ದಿತ್ತು. ಹರಾಜಿನಲ್ಲಿ ಗುಜರಿಗೆ ಹೋಯಿತು. ಒಬ್ಬರಂತೂ ಅದರ ತುಂಡನ್ನು ಪರ್ಸ್‌ನಲ್ಲಿ ಇಟ್ಟುಕೊಂಡಿದ್ದರು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಕೋಬಾಲ್ಟ್-60 ಐದೂ ಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಅಷ್ಟು ವರ್ಷ ಕಳೆದ ಮೇಲೂ ಈ ಗತಿ.

ನಾನು ಕಾರ್ಖಾನೆಯೊಂದರಲ್ಲಿ ಸೀಸಿಯಂ-137 ಎಂಬ ವಿಕಿರಣ ಮೂಲ ಇರುವ ಲೆವೆಲ್ ಗೇಜ್‌ಗಳ (ತೊಟ್ಟಿಯಲ್ಲಿ ಎಷ್ಟು ತುಂಬಿದೆ ಅಂತ ತೋರಿಸುವ ಸಾಧನ) ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಗೇಜ್‌ಗೆ ಬೇರೆ ನಂಬರ್, ಒಳಗಿನ ಮೂಲಕ್ಕೆ ಬೇರೆ ನಂಬರ್. ಕಾಲೇಜಿನ ಸ್ಟಾಕ್ ಬುಕ್ಕಿನಲ್ಲಿ ಮಾತ್ರ 'ಜಿಸಿ - 1' ಅಂತ ಒಂದೇ ಸಾಲು ಇರುತ್ತದೆ. ಬರೆದವರು ಹೋದ ಮೇಲೆ ಒಳಗೇನಿದೆ ಅಂತ ಯಾರಿಗೆ ಗೊತ್ತಾಗಬೇಕು? ಇವತ್ತೇ ಇನ್ನೊಂದು ಸಾಲು ಸೇರಿಸಿ: ಮೂಲದ ಸೀರಿಯಲ್ ನಂಬರ್, ಎಷ್ಟು ಮಿಲಿಕ್ಯೂರಿ, ಯಾವ ತಾರೀಕಿನ ಅಳತೆ, ಈಗ ಯಾವ ಕೋಣೆಯಲ್ಲಿದೆ. ಮೊದಲ ಮೂರೂ ಸಾಮಾನ್ಯವಾಗಿ ಸ್ಟಿಕರ್ ಮೇಲೇ ಇರುತ್ತವೆ, ಫೋಟೋ ತೆಗೆದುಕೊಳ್ಳಿ. ಡಿಟೆಕ್ಟರ್ ಬಿಚ್ಚದೆ ಕೋಣೆಗೆ ಬೀಗ ಹಾಕಿ.

ಆಮೇಲೆ ಪ್ರಾಂಶುಪಾಲರ ಸಹಿಯಲ್ಲಿ ಮುಂಬೈನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, ಅಂದರೆ ಎಇಆರ್‌ಬಿಗೆ ಬರೆಯಿರಿ. ಅವರ ಇ-ಲೋರಾ ಪೋರ್ಟಲ್‌ನಲ್ಲೇ ವಿಕಿರಣ ಮೂಲಗಳ ಅನುಮತಿಗಳೆಲ್ಲ ನಡೆಯುವುದು. ಇಷ್ಟು ವರ್ಷ ಯಾಕೆ ತಿಳಿಸಲಿಲ್ಲ ಅಂತ ಕೇಳಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಜೊತೆಗೇ ಮಷಿನ್ ಮಾರಿದ ಕಂಪನಿಯ ಭಾರತದ ಕಚೇರಿಗೂ ಸೀರಿಯಲ್ ನಂಬರ್ ಕಳಿಸಿ, ವಾಪಸ್ ತಗೋತೀರಾ ಅಂತ ಕೇಳಿ. ಕಂಪನಿಯೇ ಮುಚ್ಚಿಹೋಗಿದ್ದರೆ ಎಲ್ಲಿಗೆ ಒಪ್ಪಿಸಬೇಕು ಅಂತ ಮಂಡಳಿಯೇ ಹೇಳುತ್ತದೆ. ಖರ್ಚು ಕಾಲೇಜಿನದು, ಅಕೌಂಟ್ಸ್‌ನವರು ಗೊಣಗುತ್ತಾರೆ. ಅನುಮತಿ ಬರುವ ಮುಂಚೆ ಕೊರಿಯರ್‌ಗೋ ಬಸ್ ಪಾರ್ಸೆಲ್‌ಗೋ ಹಾಕಿಬಿಡಬೇಡಿ.

ಡಿಟೆಕ್ಟರ್ ಹೋಗಿ, ಒಪ್ಪಿಸಿಕೊಂಡ ಪತ್ರ ಕೈಗೆ ಬಂದ ಮೇಲೆ ಉಳಿದ ಮಷಿನ್ ಬರೀ ತಗಡು. ಅದನ್ನು ಗುಜರಿಗೆ ಕೊಡಿ. ಕೊಡುವ ಮುಂಚೆ ಅದರ ಮೇಲೆ ಉಳಿದಿರುವ ರೇಡಿಯೇಷನ್ ಸ್ಟಿಕರ್‌ಗಳನ್ನೆಲ್ಲ ಕಿತ್ತುಹಾಕಿ. ಡಿಟೆಕ್ಟರ್ ಹೋಗುವ ಮುಂಚೆ ಮಾತ್ರ ಒಂದು ಸ್ಟಿಕರನ್ನೂ ಮುಟ್ಟಬೇಡಿ.