ಕಡಲಾಮೆ ಕಾಯುವವರ ಕೆಲಸ ಎಲ್ಲಿದೆ?

ಆತ್ಮೀಯರೇ,

ನೀವು ಕಳಿಸಿದ ‘ಕಡಲ ಮಡಿಲ ಯೋಧರು’ ಲೇಖನವನ್ನು ಎರಡು ಸಲ ಓದಿದ್ದೇವೆ. ಮಂಜೇಶ್ವರದಿಂದ ನೀಲೇಶ್ವರದ ತನಕ ಕಾಸರಗೋಡಿನ ಕರಾವಳಿಯಲ್ಲಿ ಕಡಲಾಮೆಯ ಮೊಟ್ಟೆ ಕಾಯುವವರ ಬಗ್ಗೆ ಎಂಟು ಪುಟ ಬರೆದಿದ್ದೀರಿ. ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ತೊಂದರೆ ನಿಮ್ಮ ಭಾಷೆಯದ್ದಲ್ಲ, ವಾಕ್ಯಗಳು ಸಲೀಸಾಗಿವೆ. ಆದರೆ ಇಷ್ಟು ಓದಿದ ಮೇಲೂ ಇವರು ರಾತ್ರಿಯಿಡೀ ಕಡಲ ಬದಿಯಲ್ಲಿ ಏನು ಮಾಡುತ್ತಾರೆ ಎಂದು ಗೊತ್ತಾಗುವುದಿಲ್ಲ. ‘ನಿಸ್ವಾರ್ಥ’ ಎಂಬ ಪದ ಹನ್ನೊಂದು ಸಲ ಬಂದಿದೆ. ಗೂಡು ಎಷ್ಟು ಆಳ ಇರುತ್ತದೆ ಎಂಬುದು ಒಮ್ಮೆಯೂ ಬಂದಿಲ್ಲ. ಕೆಲಸ ಕಾಣಿಸಬೇಕಾದ ಕಡೆಯಲ್ಲೆಲ್ಲ ನೀವು ಹೊಗಳಿಕೆ ಇಟ್ಟಿದ್ದೀರಿ.

ಅದಕ್ಕಿಂತ ದೊಡ್ಡ ಆತಂಕ ಮೂರನೇ ಪುಟದ್ದು. ‘ಬೆಳಿಗ್ಗೆ ಏಳು ಗಂಟೆಗೆ ಮೊಟ್ಟೆಗಳನ್ನು ಅಗೆದು ತೆಗೆದು, ಸಿಹಿನೀರಿನಲ್ಲಿ ತೊಳೆದು, ಬಕೆಟ್ಟಿನಲ್ಲಿ ತುಂಬಿ ಹ್ಯಾಚರಿಗೆ ಒಯ್ದರು’ ಎಂದು ಬರೆದಿದ್ದೀರಿ, ಅಂದರೆ ಮೊಟ್ಟೆಗಳನ್ನು ಮತ್ತೆ ಹೂತು ಮರಿಯಾಗುವ ತನಕ ಕಾಯುವ ಜಾಗಕ್ಕೆ. ಅಲ್ಲಿ ಹೀಗೇ ನಡೆದಿದ್ದರೆ ಆ ಗೂಡಿನಲ್ಲಿ ಹೆಚ್ಚು ಮರಿ ಹುಟ್ಟಿರಲಾರದು. ನೀವು ಕೇಳಿ ಬರೆದದ್ದಾಗಿದ್ದರೆ ಅದು ಇನ್ನೂ ಅಪಾಯ, ಏಕೆಂದರೆ ನಿಮ್ಮ ಲೇಖನ ಓದಿದ ಒಬ್ಬ ಹುಡುಗ ಮುಂದಿನ ಜನವರಿಯಲ್ಲಿ ಅದನ್ನೇ ಮಾಡುತ್ತಾನೆ. ಹೇಂಟೆ ಕಾವು ಕೂತಾಗ ತನ್ನ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ತಿರುಗಿಸುತ್ತದೆ. ಆಮೆಯ ಮೊಟ್ಟೆ ಹಾಗಲ್ಲ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಮೇಲಕ್ಕೆ ಬಂದು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ, ಜೋರಾಗಿ ಅಲುಗಿದರೂ ಸಾಕು, ಪೊರೆ ಹರಿದು ಭ್ರೂಣ ಸಾಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಐವತ್ತು ದಿನ ಕಾದ ಮೇಲೆ ಕೊಳೆತ ಮೊಟ್ಟೆ ಸಿಗುತ್ತದೆ, ಜನ ಹವಾಮಾನವನ್ನು ದೂರುತ್ತಾರೆ.

ಹಾಗಾಗಿ ಮೊಟ್ಟೆ ಸಾಗಿಸುವುದಿದ್ದರೆ ಇಟ್ಟ ಒಂದೆರಡು ಗಂಟೆಯೊಳಗೆ ಸಾಗಿಸಬೇಕು. ಆರು ಗಂಟೆ ದಾಟಿದ ಗೂಡಿಗೆ ಕೈ ಹಾಕದಿರುವುದೇ ಒಳ್ಳೆಯದು. ಬುಟ್ಟಿಯ ತಳಕ್ಕೆ ಅದೇ ಗೂಡಿನ ಹಸಿ ಹೊಯಿಗೆ (ಮರಳು) ಹಾಕಿ, ಮೊಟ್ಟೆಗಳನ್ನು ಒಂದೊಂದಾಗಿ ಎಣಿಸುತ್ತಾ, ಗೂಡಿನಲ್ಲಿ ಮೇಲಿದ್ದ ಬದಿ ಮೇಲೆಯೇ ಇರುವಂತೆ ಇಡಬೇಕು. ತೊಳೆಯಬಾರದು. ಸೊಳ್ಳೆಗೆಂದು ಹಚ್ಚಿಕೊಂಡ ಮುಲಾಮಿನ ಕೈಯಲ್ಲಿ ಮುಟ್ಟಬಾರದು. ಬೈಕಿನ ಹಿಂದೆ ಕಟ್ಟಿಕೊಂಡು ಹೊಂಡಗುಂಡಿಯ ದಾರಿಯಲ್ಲಿ ಒಯ್ಯಬಾರದು, ನಡೆದುಕೊಂಡೇ ಹೋಗಬೇಕು. ಇದಕ್ಕೂ ಮೊದಲಿನ ಒಂದು ಪ್ರಶ್ನೆ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ: ಸಾಗಿಸಲೇಬೇಕೇ? ಗೂಡು ಉಬ್ಬರದ ಗೆರೆಗಿಂತ ಮೇಲಿದ್ದು, ನಾಯಿ ನರಿಗಳ ಕಾಟಕ್ಕೆ ಕಬ್ಬಿಣದ ಬಲೆ ಮುಚ್ಚಿದರೆ ಸಾಕು ಎಂದಾದರೆ ಅಲ್ಲೇ ಬಿಡುವುದು ಎಲ್ಲಕ್ಕಿಂತ ಉತ್ತಮ. ಅಲೆ ಕೊಚ್ಚಿಕೊಂಡು ಹೋಗುವ ಜಾಗ, ಮೊಟ್ಟೆ ಕದಿಯುವ ಜಾಗ, ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ಗೋಡೆಯ ಬುಡ, ಇಂಥಲ್ಲಿ ಮಾತ್ರ ಹ್ಯಾಚರಿ. ಈ ತೀರ್ಮಾನವನ್ನು ಕತ್ತಲಲ್ಲಿ ಹತ್ತು ನಿಮಿಷದೊಳಗೆ ತೆಗೆದುಕೊಳ್ಳಬೇಕು. ನಿಮ್ಮ ಲೇಖನದ ಜನರ ಜಾಣ್ಮೆ ಇರುವುದು ಅಲ್ಲಿ.

ಹ್ಯಾಚರಿಯ ವರ್ಣನೆಗೆ ನೀವು ‘ಆಮೆಗಳ ತೊಟ್ಟಿಲು’ ಎಂದು ಎರಡು ಪದ ಕೊಟ್ಟು ಮುಂದೆ ಹೋಗಿದ್ದೀರಿ. ದಯವಿಟ್ಟು ಅಲ್ಲಿ ನಿಲ್ಲಿ. ಗೂಡು ಸುಮಾರು 45 ಸೆಂ.ಮೀ. ಆಳ, ಬಾಯಿ ಕಿರಿದು, ಹೊಟ್ಟೆ ಅಗಲ, ಮಣ್ಣಿನ ಹೂಜಿಯ ಹಾಗೆ. ತಾಯಿ ಆಮೆ ಹಿಂಗಾಲುಗಳಿಂದ ತೋಡುವ ಗೂಡಿನ ಆಕಾರವೂ ಅದೇ. ಗೂಡಿನಿಂದ ಗೂಡಿಗೆ ಕನಿಷ್ಠ ಒಂದು ಮೀಟರ್ ಅಂತರ ಬೇಕು, ಇಲ್ಲದಿದ್ದರೆ ಬೆಳೆಯುತ್ತಿರುವ ಮೊಟ್ಟೆಗಳ ಕಾವು ಪಕ್ಕದ ಗೂಡಿಗೂ ತಟ್ಟುತ್ತದೆ. ಒಂದೇ ಜಾಗದಲ್ಲಿ ವರ್ಷ ವರ್ಷ ಹ್ಯಾಚರಿ ಕಟ್ಟಿದರೆ ಹಳೆಯ ಚಿಪ್ಪು, ಕೊಳೆತ ಮೊಟ್ಟೆಗಳಿಂದ ಹೊಯಿಗೆಯಲ್ಲಿ ಬೂಸು ಬೆಳೆಯುತ್ತದೆ, ಆದ್ದರಿಂದ ಜಾಗ ಬದಲಿಸುತ್ತಾರೆ. ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವುದೂ ಹೊಯಿಗೆಯ ಬಿಸಿಯೇ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. 35ರ ಹತ್ತಿರ ಹೋದರೆ ಮೊಟ್ಟೆಯೇ ಸಾಯುತ್ತದೆ. ಮಾರ್ಚ್ ತಿಂಗಳ ಬಿಸಿಲಿಗೆ ತೆಂಗಿನ ಮಡಲಿನ ಚಪ್ಪರ ಯಾಕೆ ಹಾಕುತ್ತಾರೆ ಎಂಬುದಕ್ಕೆ ಕಾರಣ ಇದು. ನೀವು ಆ ಚಪ್ಪರದ ನೆರಳಲ್ಲಿ ಕೂತು ಚಹಾ ಕುಡಿದದ್ದನ್ನು ಬರೆದಿದ್ದೀರಿ, ಚಪ್ಪರ ಯಾರಿಗಾಗಿ ಎಂದು ಬರೆದಿಲ್ಲ.

ಐದನೇ ಪುಟದ ಸಮಾರಂಭದ ವಿಷಯ. ಮುಖ್ಯ ಅತಿಥಿಗಳು ಬೆಳಿಗ್ಗೆ ಹತ್ತಕ್ಕೆ ಬಂದು, ನೀರು ತುಂಬಿದ ಟಬ್ಬಿನಿಂದ ಮರಿಗಳನ್ನೆತ್ತಿ, ಚಪ್ಪಾಳೆಗಳ ನಡುವೆ ಕಡಲಿಗೆ ಬಿಟ್ಟರು ಎಂದು ಸಂಭ್ರಮದಿಂದ ವರ್ಣಿಸಿದ್ದೀರಿ. ಅದು ಸಂಭ್ರಮದ ವಿಷಯವಲ್ಲ. ಹೊಯಿಗೆಯಿಂದ ಹೊರಬಂದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿಯೇ ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ಆ ಬಲದಲ್ಲಿ ಅದು ಸುಮಾರು ಒಂದು ಹಗಲು ಒಂದು ರಾತ್ರಿ ಬಿಡದೆ ಈಜಿ, ದಡದ ಹತ್ತಿರ ಕಾದಿರುವ ಮೀನುಗಳನ್ನು ದಾಟಿ ಆಳಕ್ಕೆ ಹೋಗಬೇಕು. ಟಬ್ಬಿನಲ್ಲಿ ಇಟ್ಟರೆ ಅಲ್ಲೇ ಸುತ್ತು ಹೊಡೆದು ಬುತ್ತಿ ಮುಗಿಸುತ್ತದೆ. ಹಗಲಲ್ಲಿ ಬಿಟ್ಟರೆ ಮೇಲೆ ಗಿಡುಗ, ಕಾಗೆ. ಕೆಲಸ ಬಲ್ಲವರು ಹುಟ್ಟಿದ ರಾತ್ರಿಯೇ, ನೀರಿನಿಂದ ಹತ್ತು ಮೀಟರ್ ಹಿಂದೆ ಹೊಯಿಗೆಯ ಮೇಲೆ ಬಿಟ್ಟು, ತಾವಾಗಿ ನಡೆದು ಹೋಗಲು ಬಿಡುತ್ತಾರೆ. ಮೀನುಗಳು ಒಂದೇ ಕಡೆ ಕಾದು ಕೂರದಂತೆ ದಿನಕ್ಕೊಂದು ಜಾಗ ಆರಿಸುತ್ತಾರೆ. ಮರಿ ಹೊರಡುವುದು 45ರಿಂದ 60 ದಿನದೊಳಗೆ. 45 ಆದಾಗಿನಿಂದ ಗೂಡಿನ ಸುತ್ತ ಬಲೆಯ ಬುಟ್ಟಿ ಕವುಚಿ, ಅರ್ಧ ಗಂಟೆಗೊಮ್ಮೆ ನೋಡಬೇಕು. ಗೂಡಿನ ನೆತ್ತಿಯಲ್ಲಿ ಹೊಯಿಗೆ ಬಟ್ಟಲಿನಂತೆ ಕುಸಿದಿದ್ದರೆ ಮರಿಗಳು ಕೆಳಗಿನಿಂದ ಹತ್ತುತ್ತಿವೆ ಎಂದು ತಿಳಿಯಬೇಕು. ಬೆಳಗಿನ ಜಾವ ಯಾರೋ ನಿದ್ದೆ ಹೋಗಿ ಬುಟ್ಟಿ ನೋಡದಿದ್ದರೆ, ಎಂಟು ಗಂಟೆಯ ಬಿಸಿಲಿಗೆ ಮರಿಗಳು ಬಲೆಯೊಳಗೇ ಒಣಗುತ್ತವೆ. ಆ ಎಚ್ಚರದ ಬಗ್ಗೆ ಬರೆಯಿರಿ, ‘ನಿಸ್ವಾರ್ಥ’ ಎಂಬ ಪದದ ಅಗತ್ಯವೇ ಬೀಳುವುದಿಲ್ಲ.

‘ಸಾವಿರಾರು ಆಮೆಗಳು ನಮ್ಮ ತೀರಕ್ಕೆ ಸಾಲುಗಟ್ಟಿ ಬರುತ್ತವೆ’ ಎಂಬುದು ಒಡಿಶಾದ ಗಹೀರ್ಮಠ, ಋಷಿಕುಲ್ಯಾಗಳ ಚಿತ್ರ. ಕಾಸರಗೋಡಿಗೆ ಬರುವ ಆಲಿವ್ ರಿಡ್ಲಿ ಎಂಬ ಕಡಲಾಮೆ ಒಂಟಿಯಾಗಿ ಬರುತ್ತದೆ, ಎಷ್ಟೋ ರಾತ್ರಿ ಬರುವುದೇ ಇಲ್ಲ. ಖಾಲಿ ರಾತ್ರಿಗಳೇ ಈ ಕೆಲಸದ ಬಹುಪಾಲು. ನಿಮ್ಮ ಲೇಖನದಲ್ಲಿ ಒಂದೂ ಖಾಲಿ ರಾತ್ರಿ ಇಲ್ಲ. ಉಬ್ಬರದ ಗೆರೆ ಹಿಡಿದು ಕಿಲೋಮೀಟರುಗಟ್ಟಲೆ ನಡೆದು, ಏನೂ ಸಿಗದೆ ವಾಪಸು ಬಂದು, ಬೆಳಿಗ್ಗೆ ದೋಣಿಗೆ ಹೋಗುವವರಿದ್ದಾರಲ್ಲ, ಅವರನ್ನು ಕೇಳಿ: ಖಾಲಿ ರಾತ್ರಿ ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತೀರಿ? ಬರೆಯಬೇಕು. ‘ಬರಲಿಲ್ಲ’ ಎಂಬುದೂ ದಾಖಲೆ.

ಸಿಕ್ಕಿದ ರಾತ್ರಿಯನ್ನು ಹತ್ತಿರದಿಂದ ನೋಡೋಣ. ಮೊದಲು ಸಿಗುವುದು ಆಮೆಯಲ್ಲ, ಜಾಡು. ಅಗಲ 70–80 ಸೆಂ.ಮೀ. ರಿಡ್ಲಿ ಎಡಗೈ ಬಲಗೈ ಒಂದಾದ ಮೇಲೊಂದು ಇಟ್ಟು ನಡೆಯುವುದರಿಂದ ಎರಡು ಬದಿಯ ಗುರುತು ಹಿಂದೆ ಮುಂದೆ ಬೀಳುತ್ತದೆ. ಹಸಿರಾಮೆಯದ್ದು ಎರಡೂ ಬದಿ ಸಮ. ಹೋದ ಜಾಡು ಒಂದು, ವಾಪಸಾದ ಜಾಡು ಒಂದು. ಎರಡರ ನಡುವೆ ಕೆದಕಿದ ಹೊಯಿಗೆ ಇಲ್ಲದಿದ್ದರೆ ಅದು ಇಡದೆ ಮರಳಿದೆ ಎಂದರ್ಥ. ಬಿಳಿ ಟಾರ್ಚ್, ಮಾತು, ಹೈಮಾಸ್ಟ್ ದೀಪ ಯಾವುದಾದರೂ ಕಾರಣ ಇರಬಹುದು. ಆಮೆ ಇನ್ನೂ ಅಲ್ಲೇ ಇದ್ದರೆ ಮೊಟ್ಟೆ ಬೀಳಲು ಶುರುವಾಗುವ ತನಕ ದೂರ ಕೂರಬೇಕು, ಎದುರಿಗೆ ಹೋಗಬಾರದು. ನೂರು, ನೂರಿಪ್ಪತ್ತು ಮೊಟ್ಟೆ, ಪಿಂಗ್‌ಪಾಂಗ್ ಚೆಂಡಿನಷ್ಟು, ಲೋಳೆ ಹಚ್ಚಿದ ಹಾಗೆ ಹೊಳೆಯುತ್ತವೆ. ಇಟ್ಟು ಮುಗಿದ ಮೇಲೆ ಹಿಂಗಾಲಿನಿಂದ ಹೊಯಿಗೆ ಎಳೆದು ಮುಚ್ಚಿ, ಆಮೇಲೆ ಮೈಯನ್ನೇ ಎಡಕ್ಕೆ ಬಲಕ್ಕೆ ಎತ್ತಿ ಎತ್ತಿ ಬಡಿಯುತ್ತದೆ, ಅಂಗಳಕ್ಕೆ ಪೆಟ್ಟುಮಣೆ ಬಡಿದ ಹಾಗೆ. ಹತ್ತಿರ ಕೂತವರಿಗೆ ಆ ಸದ್ದು ಕೇಳುತ್ತದೆ. ನೀವು ಅಲ್ಲಿದ್ದಿರಿ ಎಂದು ಬರೆದಿದ್ದೀರಿ, ಹಾಗಾದರೆ ಆ ಸದ್ದು ನಿಮ್ಮ ಪುಟದಲ್ಲಿ ಇರಬೇಕಿತ್ತು. ಅದರ ಬದಲು ಮಕ್ಕಳನ್ನು ಬಿಟ್ಟು ಹೋಗುವ ದುಃಖಕ್ಕೆ ತಾಯಿ ಕಣ್ಣೀರಿಡುತ್ತಾಳೆ ಎಂದಿದೆ. ಅದು ದುಃಖವಲ್ಲ, ಮೈಯ ಹೆಚ್ಚುವರಿ ಉಪ್ಪನ್ನು ಕಣ್ಣಿನ ಬದಿಯ ಗ್ರಂಥಿ ಹೊರಹಾಕುವುದು. ನೀರೊಳಗೂ ಅದು ನಡೆಯುತ್ತಲೇ ಇರುತ್ತದೆ.

ಇನ್ನು ಬೇಗ ತಿದ್ದಬಹುದಾದವು. ಕಾಸರಗೋಡು ತನ್ನದೇ ಜಿಲ್ಲಾ ಜೀವಿಗಳನ್ನು 2023ರಲ್ಲಿ ಘೋಷಿಸಿಕೊಂಡದ್ದು ನಿಜ, ಆದರೆ ಅದರಲ್ಲಿರುವ ಆಮೆ ಕಡಲಾಮೆಯಲ್ಲ. ಅದು ಚಂದ್ರಗಿರಿ ಹೊಳೆಯ ದೈತ್ಯ ಮೆದುಚಿಪ್ಪಿನಾಮೆ, ಮಲಯಾಳದಲ್ಲಿ ಪಾಲಪ್ಪೂವನ್. ನೀವು ಕಳಿಸಿದ ಮೂರನೇ ಫೋಟೋ ಕೂಡ ಅದರದ್ದೇ. ಟ್ರಾಲಿಂಗ್ ನಿಷೇಧ ಮೊಟ್ಟೆಯ ಕಾಲದ ಆಮೆಗಳನ್ನು ಕಾಯುತ್ತದೆ ಎಂದಿದ್ದೀರಿ. ಕೇರಳದ 52 ದಿನದ ನಿಷೇಧ ಜೂನ್ ಒಂಬತ್ತರ ನಡುರಾತ್ರಿಯಿಂದ ಜುಲೈ 31ರ ತನಕ, ಮೀನು ಮರಿ ಮಾಡುವ ಮಳೆಗಾಲಕ್ಕೆ. ಆಮೆ ಮೊಟ್ಟೆ ಇಡುವುದು ಚಳಿಗಾಲದ ಆಸುಪಾಸಿನಲ್ಲಿ, ಬೋಟುಗಳೆಲ್ಲ ಕಡಲಲ್ಲಿರುವಾಗ. ಈ ಕೆಲಸ ‘ಇತ್ತೀಚೆಗೆ’ ಶುರುವಾದದ್ದೂ ಅಲ್ಲ. ಮದ್ರಾಸಿನ ಕಡಲ ಬದಿಯಲ್ಲಿ 1970ರ ದಶಕದಲ್ಲೇ ಆಮೆಗಾಗಿ ರಾತ್ರಿ ನಡಿಗೆ ಇತ್ತು. ಕೋಝಿಕೋಡ್ ಜಿಲ್ಲೆಯ ಕೊಳಾವಿಪ್ಪಾಲಂನಲ್ಲಿ ಮೀನುಗಾರರ ಹುಡುಗರು 1992ರಲ್ಲಿ ಶುರುಮಾಡಿದರು. ನಮ್ಮ ನೀಲೇಶ್ವರದ ತೈಕ್ಕಡಪ್ಪುರದಲ್ಲಿ ನೈದಲ್ ತಂಡ ಇದೆ. ಅವರ ನೋಟ್‌ಬುಕ್ಕುಗಳನ್ನು ನೋಡದೆ ಈ ಲೇಖನ ಮುಗಿಸಬೇಡಿ.

ಮೀನುಗಾರರನ್ನು ನೀವು ಖಳರನ್ನಾಗಿ ಮಾಡಿದ ಆರನೇ ಪುಟವನ್ನು ಪೂರ್ತಿ ಹೊಸದಾಗಿ ಬರೆಯಬೇಕು. ಬಲೆಯಲ್ಲಿ ಆಮೆ ಸಾಯುತ್ತದೆ, ಹೌದು. ಟ್ರಾಲ್ ಬಲೆ ಗಂಟೆಗಟ್ಟಲೆ ನೀರೊಳಗೆ ಎಳೆಯುತ್ತದೆ. ಆಮೆ ಉಸಿರಿಗೆ ಮೇಲೆ ಬರಲೇಬೇಕು, ಬಲೆಯಲ್ಲಿ ಒದ್ದಾಡುವಾಗ ಒಳಗಿನ ಗಾಳಿ ಬೇಗ ಮುಗಿಯುತ್ತದೆ. ಅದಕ್ಕೆಂದೇ ಬಲೆಯ ಕುತ್ತಿಗೆಗೆ ಕಂಬಿಯ ಚೌಕಟ್ಟು ಕೂರಿಸಿ, ಮೀನು ಒಳಗೆ, ಆಮೆ ಕಿಂಡಿಯಿಂದ ಹೊರಗೆ ಹೋಗುವ ಟಿಇಡಿ ಎಂಬ ಸಾಧನ ಇದೆ. ಭಾರತದ ಕಡಲಿನ ಸೀಗಡಿಯನ್ನು ಅಮೆರಿಕ ಕೊಳ್ಳದೆ ನಿಲ್ಲಿಸಿದ್ದು ಈ ಸಾಧನ ಬಳಸದ ಕಾರಣಕ್ಕೇ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಮಾದರಿ ಮಾಡಿದೆ. ಕಿಂಡಿಯಿಂದ ಮೀನೂ ಹೋಗುತ್ತದೆ ಎಂಬುದು ಬೋಟಿನವರ ದೂರು, ಅದನ್ನೂ ಬರೆಯಬೇಕು. ಆದರೆ ಬಲೆಯಲ್ಲಿ ಸಿಕ್ಕಿ ಸತ್ತಂತೆ ಬಿದ್ದ ಆಮೆಯನ್ನು ಬದುಕಿಸುವವನೂ ಮೀನುಗಾರನೇ. ಅಂಗಾತ ಮಗುಚಬಾರದು, ತಕ್ಷಣ ನೀರಿಗೆ ಎಸೆಯಲೂಬಾರದು, ಎಸೆದರೆ ಮುಳುಗಿ ಸಾಯುತ್ತದೆ. ಎದೆಚಿಪ್ಪು ಕೆಳಗಾಗಿ ಇಟ್ಟು, ಹಿಂಭಾಗವನ್ನು ಕನಿಷ್ಠ 15 ಸೆಂ.ಮೀ. ಎತ್ತರಿಸಬೇಕು, ಶ್ವಾಸಕೋಶದ ನೀರು ಇಳಿಯಲಿ ಎಂದು. ನೆರಳಲ್ಲಿ ಒದ್ದೆ ಗೋಣಿ ಹೊದಿಸಿ, ಮೂಗಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು. ಚೇತರಿಕೆಗೆ ನಾಲ್ಕು ಗಂಟೆ ಸಾಕಾಗಬಹುದು, ಇಪ್ಪತ್ತನಾಲ್ಕು ಬೇಕಾಗಲೂಬಹುದು. ಬಾಯಿಂದ ಗಾಳದ ದಾರ ನೇತಾಡುತ್ತಿದ್ದರೆ ಎಳೆಯದೆ ಕತ್ತರಿಸಬೇಕು. ಇದನ್ನು ಒಂದು ಚೌಕಟ್ಟಿನಲ್ಲಿ ಬೇರೆಯಾಗಿ ಕೊಟ್ಟರೆ ನಾವು ಸಂತೋಷದಿಂದ ಹಾಕುತ್ತೇವೆ.

ಅದೇ ಪುಟದಲ್ಲಿ ಹಿರಿಯ ಮೊಗವೀರರೊಬ್ಬರು ‘ನಾವು ಪರಿಸರ ಸಂರಕ್ಷಣೆಗೆ ಕಟಿಬದ್ಧರಾಗಿದ್ದೇವೆ’ ಎನ್ನುತ್ತಾರೆ. ಕುಂಬಳೆಯ ಕಡಲ ಬದಿಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅವರು ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ ಎರಡು ಮಾತು ಇಟ್ಟು ಪಕ್ಕದಲ್ಲಿ ಅರ್ಥ ಕೊಡಿ. ನೀಲೇಶ್ವರದವರು ಮಲಯಾಳದಲ್ಲಿ ಹೇಳಿದ್ದರೆ ಅದನ್ನೂ ಹಾಗೇ ಇಡಿ. ನಮ್ಮ ಓದುಗರಿಗೆ ಅದು ಕಷ್ಟವಾಗುವುದಿಲ್ಲ.

ಕಾನೂನಿನ ಒಂದು ಪ್ಯಾರಾ ಖಂಡಿತ ಬೇಕು. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿದೆ. ಮೊಟ್ಟೆ ಕದ್ದರೆ, ಮಾರಿದರೆ ಮೂರರಿಂದ ಏಳು ವರ್ಷ ಸೆರೆ, ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಒಳ್ಳೆಯ ಉದ್ದೇಶದಿಂದ ಮೊಟ್ಟೆ ಸಾಗಿಸುವವರಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಿಲ್ಲದೆ ಓದುಗರು ಉತ್ಸಾಹದಲ್ಲಿ ಗೂಡು ಅಗೆದರೆ ಜವಾಬ್ದಾರಿ ನಮ್ಮ ನಿಮ್ಮಿಬ್ಬರದೂ. ಇದೇ ಕಾರಣಕ್ಕೆ ಗೂಡಿರುವ ಜಾಗವನ್ನು ‘ದೇವಸ್ಥಾನದ ಹಿಂದಿನ ಮೂರನೇ ಗಾಳಿಮರ’ ಎಂದೆಲ್ಲ ಬರೆಯಬೇಡಿ. ಊರಿನ ಹೆಸರು ಸಾಕು.

‘ಈ ವರ್ಷ ನೂರಕ್ಕೆ ನೂರು ಯಶಸ್ಸು’ ಎಂಬ ಸಾಲನ್ನು ತೆಗೆಯಿರಿ. ಮರಿಗಳು ಹೋದ ಎರಡು ಮೂರು ದಿನದ ಮೇಲೆ ಗೂಡು ಬಗೆದು, ಅರ್ಧಕ್ಕಿಂತ ದೊಡ್ಡ ಚಿಪ್ಪುಗಳನ್ನು ಮಾತ್ರ ಎಣಿಸಿ, ಒಡೆಯದ ಮೊಟ್ಟೆ, ಸತ್ತ ಮರಿ ಬೇರೆ ಬೇರೆ ಬರೆಯುತ್ತಾರೆ. 112 ಮೊಟ್ಟೆಯಲ್ಲಿ 89 ಚಿಪ್ಪು ಸಿಕ್ಕರೆ ಶೇಕಡಾ 79. ಅದು ಒಳ್ಳೆಯ ಗೂಡು. ಆ ಎಣಿಕೆಯ ವಾಸನೆ ತಡೆಯಲು ಮೂಗಿಗೆ ತೋರ್ತು ಕಟ್ಟಿಕೊಂಡು ಕೂತವರನ್ನು ನೋಡಿ ಬನ್ನಿ.

ನಿಮ್ಮ ಎಂಟು ಪುಟಗಳಲ್ಲಿ ನಮಗೆ ಬಹಳ ಇಷ್ಟವಾದ ಒಂದು ವಾಕ್ಯವಿದೆ, ನಾಲ್ಕನೇ ಪುಟದ ನಡುವೆ, ನೀವೇ ಗಮನಿಸದ ಹಾಗೆ: ‘ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದ್ದರು, ರಬ್ಬರ್‌ಬ್ಯಾಂಡ್ ಹಳತಾಗಿ ಎರಡು ಸಲ ಕಿತ್ತುಹೋಯಿತು.’ ಲೇಖನ ಅಲ್ಲಿಂದ ಶುರುವಾಗಲಿ. ಕೆಂಪು ಬೆಳಕು ಯಾಕೆ ಎಂದು ಮುಂದಿನ ವಾಕ್ಯದಲ್ಲಿ ಹೇಳಿ, ಆ ಬೆಳಕಿನಲ್ಲಿ ಕಂಡಷ್ಟನ್ನೇ ಬರೆಯುತ್ತಾ ಹೋಗಿ. 1,800 ಪದ ಮೀರದಿರಲಿ. ಫೋಟೋಗಳಲ್ಲಿ ಫ್ಲ್ಯಾಷ್ ಬಳಸಿದ್ದು ಕಂಡರೆ ಹಾಕುವುದಿಲ್ಲ. ಮುಂದಿನ ಮೊಟ್ಟೆಯ ಕಾಲ ಮುಗಿಯುವುದರೊಳಗೆ ಕಳಿಸಿ, ನಾವು ಕಾದಿರುತ್ತೇವೆ.

ಸಂಪಾದಕ ಬಳಗ