ಅಕ್ಕಿ ಮೂಟೆ ಎತ್ತುವಾಗ ಇಲ್ಲದ ಭಯ

ತಿಪಟೂರಿನ ಓದುಗರೊಬ್ಬರ ಪತ್ರ: ‘ನನಗೆ 42 ವರ್ಷ, ಹೈಸ್ಕೂಲಿನಲ್ಲಿ ಟೀಚರ್. ಮೂರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಎರಡು ಕಿಲೋ ಡಂಬೆಲ್ ಸಾಕು, ಬಾರ್‌ಬೆಲ್ ಹಿಡಿಯಿರಿ ಎಂದು ಟ್ರೈನರ್ ಎರಡು ವಾರದಿಂದ ಅದನ್ನೇ ಎತ್ತಿಸುತ್ತಿದ್ದಾರೆ. ಆಗಲೇ ಬ್ಲೌಸಿನ ತೋಳು ಬಿಗಿಯಾಗಿದೆ. ಗಂಡಸರ ತೋಳು ಬಂದರೆ ಸೀರೆ ಉಟ್ಟು ಹೇಗೆ ಕಾಣ್ತೀಯೆ ಅಂತಾರೆ ಅತ್ತೆ. ಬಿಟ್ಟ ಮೇಲೆ ಸ್ನಾಯುವೆಲ್ಲ ಕೊಬ್ಬಾಗುತ್ತಂತೆ ಅಂತಾರೆ ಸ್ಟಾಫ್ ರೂಮಿನವರು. ನಿಲ್ಲಿಸಿಬಿಡಲೇ?’

ಬೇಡಿ ಮೇಡಂ, ನಿಲ್ಲಿಸಬೇಡಿ.

ಮೊದಲು ಬ್ಲೌಸಿನ ವಿಚಾರ. ರೂಢಿಯಿಲ್ಲದ ಕೆಲಸ ಬಿದ್ದ ಸ್ನಾಯುವಿಗೆ ರಕ್ತ ನುಗ್ಗುತ್ತದೆ, ಆಮೇಲೆ ಕೆಲವು ದಿನ ಅದರಲ್ಲಿ ನೀರು ನಿಲ್ಲುತ್ತದೆ. ಬಿಗಿತ ಅದರದ್ದು. ಎರಡೇ ವಾರದಲ್ಲಿ ತೋಳು ಬೆಳೆಯುವಂತಿದ್ದರೆ, ಕನ್ನಡಿ ಮುಂದೆ ವರ್ಷಗಟ್ಟಲೆ ಬೆವರು ಸುರಿಸುತ್ತಿರುವ ಹುಡುಗರೆಲ್ಲ ಇಷ್ಟು ಹೊತ್ತಿಗೆ ಪೈಲ್ವಾನರಾಗಿರಬೇಕಿತ್ತು! ಹಾಗಾದರೆ ಮೊದಲ ವಾರ ಏಳದಿದ್ದ ತೂಕ ಮೂರನೆಯ ವಾರ ಏಳುವುದು ಹೇಗೆ? ತೇರು ಎಳೆಯುವುದನ್ನು ನೋಡಿದ್ದೀರಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ ಗಾಲಿ ಅಲುಗುವುದಿಲ್ಲ. ಅದೇ ಜನ ಒಂದೇ ಸಲ ಜಗ್ಗಿದರೆ ಹೊರಡುತ್ತದೆ. ಶುರುವಿನಲ್ಲಿ ನರಗಳು ಕಲಿಯುವುದು ಇದನ್ನೇ: ಸ್ನಾಯುವಿನಲ್ಲಿ ಇರುವ ಎಳೆಗಳನ್ನು ಒಟ್ಟಿಗೆ ದುಡಿಸುವುದು.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರನ್ನೇ ನೋಡಿ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 48 ಕೆ.ಜಿ. ದೇಹತೂಕದ ವಿಭಾಗದಲ್ಲಿ ಒಟ್ಟು 170 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಏಳು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 202 ಕಿಲೋ ಎತ್ತಿ ಮತ್ತೆ ಬೆಳ್ಳಿ. ಆಗ ಅವರ ವಿಭಾಗ ಯಾವುದು? 49 ಕೆ.ಜಿ. ಎತ್ತುವ ಭಾರ 32 ಕಿಲೋ ಏರಿತು, ವಿಭಾಗದ ಮಿತಿ ಏರಿದ್ದು ಒಂದೇ ಕಿಲೋ. ಕಿವಿಯಲ್ಲಿ ಅಮ್ಮ ಮಾಡಿಸಿಕೊಟ್ಟಿದ್ದ ಒಲಿಂಪಿಕ್ ಉಂಗುರಗಳ ಓಲೆ, ತಲೆಯ ಮೇಲೆ 115 ಕಿಲೋ. ವಿಭಾಗ ಮೀರದಂತೆ ಅವರು ಊಟ ಅಳೆದು ತಿನ್ನುತ್ತಾರೆ, ನಿಜ. ನಾನು ಹೇಳುವುದೂ ಅದೇ. ಮೈ ದೊಡ್ಡದಾಗಬೇಕಾದರೆ ಭಾರದ ಜೊತೆ ತಟ್ಟೆಯೂ ತುಂಬಬೇಕು. ಮೇಲಾಗಿ ಸ್ನಾಯು ಬೆಳೆಸುವ ಹಾರ್ಮೋನು ಟೆಸ್ಟೋಸ್ಟಿರಾನ್ ಗಂಡಸರ ರಕ್ತದಲ್ಲಿ ನಮ್ಮದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಫೋಟೋಗಳಲ್ಲಿ ಕಾಣುವ ಮಹಿಳಾ ಬಾಡಿಬಿಲ್ಡರ್‌ಗಳ ಮೈ ವರ್ಷಗಳ ಹಟದ ಫಲ, ಕೆಲವರ ವಿಷಯದಲ್ಲಿ ಔಷಧಿಯದ್ದೂ ಹೌದು. ನಿಮ್ಮ ತೋಳು ಒಂದಿಷ್ಟು ಗಟ್ಟಿಯಾಗುತ್ತದೆ, ಅಷ್ಟೆ.

ಸ್ನಾಯು ಕೊಬ್ಬಾಗುವುದು ಹತ್ತಿ ಉಣ್ಣೆಯಾದಂತೆ. ಎತ್ತುವುದು ನಿಂತು ಊಟ ಮಾತ್ರ ಹಾಗೇ ನಡೆದರೆ ಸ್ನಾಯು ಇಳಿಯುತ್ತದೆ, ಕೊಬ್ಬು ಬೇರೆಯಾಗಿ ಸೇರುತ್ತದೆ.

ಅತ್ತೆಯವರಿಗೆ ನನ್ನದೊಂದು ಪ್ರಶ್ನೆ. 25 ಕಿಲೋ ಅಕ್ಕಿ ಮೂಟೆಯನ್ನು ಅಡುಗೆಮನೆಗೆ ಸಾಗಿಸುವವರು ಯಾರು? ತುಂಬಿದ ಸಿಲಿಂಡರ್ ಹೆಚ್ಚುಕಡಿಮೆ 30 ಕಿಲೋ. ಅದನ್ನು ಓಲಾಡಿಸುತ್ತ ಒಲೆಯ ಹತ್ತಿರ ತರುವಾಗ ‘ಗಂಡಸರ ತೋಳು’ ಯಾರಿಗೂ ನೆನಪಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಮೂಳೆ ಸವೆಯತೊಡಗಿದ್ದ ನೂರೊಂದು ಮಹಿಳೆಯರನ್ನು ಒಂದು ಪ್ರಯೋಗಕ್ಕೆ ಸೇರಿಸಿಕೊಂಡಿದ್ದರು. ಎಲ್ಲರೂ ಮುಟ್ಟು ನಿಂತವರು, ಸರಾಸರಿ ವಯಸ್ಸು ಅರವತ್ತೈದು. ಒಂದು ಗುಂಪಿಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಪಕ್ಕದಲ್ಲಿ ನಿಂತು ಭಾರವನ್ನೇ ಎತ್ತಿಸಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು 3 ಶೇಕಡಾ ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು ಇಳಿಯಿತು. ಈ ಭಾಗವನ್ನು ಅತ್ತೆಯವರಿಗೆ ಓದಿ ಹೇಳಿ. ಅವರೂ ಬಂದರೆ ಒಳ್ಳೆಯದೇ.

ಬಿ.ಪಿ. ಅಥವಾ ಗರ್ಭಕೋಶ ಜಾರಿದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಜಿಮ್‌ನ ಬರಿಯ ಸರಳೇ ಸಾಮಾನ್ಯವಾಗಿ 20 ಕಿಲೋ ಇರುತ್ತದೆ, ಬೆನ್ನು ಬಾಗದೆ ಅದು ಎದ್ದ ಮೇಲೆ ತೂಕದ ತಟ್ಟೆಗಳನ್ನು ಸೇರಿಸಿ. ತಿಂಗಳು ಕಳೆದರೂ ಬ್ಲೌಸು ಬಿಗಿಯೇ ಇದ್ದರೆ, ಟೈಲರ್ ಒಳಗೆ ಬಿಟ್ಟಿರುತ್ತಾನಲ್ಲ, ಆ ಹೊಲಿಗೆ ಒಂದನ್ನು ಬಿಚ್ಚಿಕೊಳ್ಳಿ.

— ಸಂಪಾದಕಿ