ಡ್ರ್ಯಾಗ್ ರೇಸ್ ನೋಡಲು ಹೋಗುವವರಿಗೆ: ಓಟ ಶುರುವಾಗುವ ಕಡೆ ನಿಲ್ಲಿ

ಗದಗದ ತಮ್ಮಾ, ನಮ್ಮ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆ, ಫೋಟೋ ನೋಡಿದೆ. ಗೆಳೆಯರ ಜೊತೆ ಅಪ್ಪನನ್ನೂ ಕರೆದುಕೊಂಡು ಡ್ರ್ಯಾಗ್ ರೇಸ್, ಅಂದರೆ ಎರಡು ಗಾಡಿ ನೇರ ದಾರಿಯಲ್ಲಿ ಜಿದ್ದಿಗೆ ಬಿದ್ದು ಓಡುವ ಓಟ, ನೋಡಲು ಹೋಗಬೇಕು ಅಂತಿದ್ದೀಯ. ಅಷ್ಟು ದೂರ ಹೋಗಿ ಹತ್ತು ಸೆಕೆಂಡಿನ ಓಟ ನೋಡುವುದರಲ್ಲಿ ಏನಿದೆ, ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೆ ಕಾರು) ನೋಡಲು ಸಿಗುತ್ತಾ, ಎಲ್ಲಿ ನಿಲ್ಲಬೇಕು ಅಂತ ಕೇಳಿದ್ದೀಯ. ಕೊನೆಗೆ ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲೇ ಒಮ್ಮೆ ಟ್ರೈ ಮಾಡಿದರೆ ಹೇಗೆ ಅಂತಲೂ ಬರೆದಿದ್ದೀಯ. ಎಲ್ಲದಕ್ಕೂ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹೋಗು, ಅಪ್ಪನನ್ನೂ ಕರೆದುಕೊಂಡೇ ಹೋಗು. ಆದರೆ ಮುಗಿಯುವ ಗೆರೆಯ ಹತ್ತಿರ ನಿಲ್ಲಬೇಡ. ಯಾರು ಗೆದ್ದರು ಅಂತ ನೋಡಲು ಹೊಸಬರೆಲ್ಲ ಆ ತುದಿಗೆ ಓಡುತ್ತಾರೆ. ಅಲ್ಲಿ ಸರ್ ಅಂತ ಹೋದ ಗಾಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಬಹಳಷ್ಟು ಸಲ ಸೋಲು-ಗೆಲುವು ಮೊದಲ 60 ಅಡಿಯಲ್ಲೇ ತೀರ್ಮಾನ ಆಗಿರುತ್ತದೆ.

ಓಟದ ದಾರಿ ಕಾಲು ಮೈಲಿ, ಅಂದರೆ 402 ಮೀಟರ್. ಎರಡು ಲೇನ್, ಒಂದೂ ತಿರುವಿಲ್ಲ. ದಿನಬಳಕೆಯ 150 ಸಿಸಿ ಬೈಕಿಗೆ ಇಷ್ಟು ದೂರಕ್ಕೆ 18ರಿಂದ 20 ಸೆಕೆಂಡ್ ಬೇಕು. 1000 ಸಿಸಿ ಸೂಪರ್‌ಬೈಕಿಗೆ 10 ಸೆಕೆಂಡಿನ ಆಸುಪಾಸು ಸಾಕು. ಆದರೆ ನೋಡಬೇಕಾದ್ದು ಅದಕ್ಕೂ ಮುಂಚೆಯೇ ಶುರುವಾಗುತ್ತದೆ. ಗಾಡಿ ಮೊದಲು ನೀರು ಚೆಲ್ಲಿದ ಜಾಗಕ್ಕೆ ಬಂದು ಹಿಂದಿನ ಗಾಲಿಯನ್ನು ನಿಂತಲ್ಲೇ ಗರಗರ ತಿರುಗಿಸುತ್ತದೆ. ಇದೇ ಬರ್ನ್‌ಔಟ್. ಸುಮ್ನೆ ಚಪ್ಪಾಳೆಗೆ ಮಾಡುವುದಲ್ಲ. ಟೈರಿಗೆ ಅಂಟಿದ ಧೂಳು-ಕಲ್ಲು ಹೋಗಿ, ರಬ್ಬರ್ ಬಿಸಿಯಾಗಿ ಮೆತ್ತಗಾದರೆ ಮಾತ್ರ ಅದು ನೆಲ ಹಿಡಿಯುತ್ತದೆ.

ಆಮೇಲೆ ಗಾಡಿ ಇಂಚಿಂಚೇ ಮುಂದೆ ಸರಿಯುತ್ತದೆ. ಶುರುವಿನ ಗೆರೆಯ ಹತ್ತಿರ, ನೆಲಕ್ಕೆ ತುಸು ಮೇಲೆ, ಎರಡು ಬೆಳಕಿನ ಕಿರಣ ಅಡ್ಡ ಹಾಯ್ದಿರುತ್ತವೆ. ಮುಂದಿನ ಗಾಲಿ ಮೊದಲನೆಯದನ್ನು ತಡೆದರೆ ಕಂಬದ ಮೇಲೆ ಒಂದು ದೀಪ, ಎರಡನೆಯದನ್ನೂ ತಡೆದರೆ ಇನ್ನೊಂದು. ಈ ದೀಪದ ಕಂಬಕ್ಕೆ ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ. ಅಮೆರಿಕದಲ್ಲಿ 1963ರಲ್ಲಿ ಬಂತು. ಅದಕ್ಕೂ ಮೊದಲು ಒಬ್ಬ ಮನುಷ್ಯ ಬಾವುಟ ಬೀಸುತ್ತಿದ್ದ. ಇಬ್ಬರೂ ಸಿದ್ಧವಾದ ಮೇಲೆ ಮೂರು ಹಳದಿ ದೀಪ ಮೇಲಿಂದ ಕೆಳಗೆ ಅರ್ಧರ್ಧ ಸೆಕೆಂಡಿಗೆ ಒಂದರಂತೆ ಹತ್ತಿ, ಆಮೇಲೆ ಹಸಿರು. ಪ್ರೊಫೆಷನಲ್ ವರ್ಗಗಳಲ್ಲಿ ಮೂರೂ ಹಳದಿ ಒಟ್ಟಿಗೆ ಹತ್ತುತ್ತವೆ, 0.4 ಸೆಕೆಂಡಿಗೆ ಹಸಿರು. ಹಸಿರಿಗಿಂತ ಮೊದಲು ಗಾಲಿ ಕಿರಣ ದಾಟಿದರೆ ಕೆಂಪು, ಅವನ ಓಟ ಅಲ್ಲಿಗೆ ಮುಗಿಯಿತು.

ಇನ್ನು ಗಡಿಯಾರದ ಲೆಕ್ಕ. ಹೊಸಬರಿಗೆಲ್ಲ ಗೊಂದಲ ಆಗುವುದು ಇಲ್ಲಿಯೇ. ಬೋರ್ಡಿನ ಮೇಲೆ ಕಾಣುವ ಓಟದ ಸಮಯ ಹಸಿರು ಹತ್ತಿದಾಗ ಶುರುವಾಗುವುದಲ್ಲ, ಆ ಗಾಡಿಯ ಗಾಲಿ ಕಿರಣ ಬಿಟ್ಟಾಗ ಶುರುವಾಗುವುದು. ಹಸಿರು ಹತ್ತಿದ ಮೇಲೆ ಹೊರಡಲು ತೆಗೆದುಕೊಂಡ ಹೊತ್ತನ್ನು ರಿಯಾಕ್ಷನ್ ಟೈಮ್ ಅಂತ ಬೇರೆಯಾಗಿ ತೋರಿಸುತ್ತಾರೆ. ಒಂದು ಉದಾಹರಣೆ ಹೇಳುತ್ತೇನೆ. ಎಡಗಡೆಯವನು 11.20 ಸೆಕೆಂಡಿನಲ್ಲಿ ಓಡಿದ, ಆದರೆ ಹೊರಡಲು 0.45 ತೆಗೆದುಕೊಂಡ. ಒಟ್ಟು 11.65. ಬಲಗಡೆಯವನ ಗಾಡಿ ನಿಧಾನ, 11.35. ಆದರೆ ಅವನು 0.15ಕ್ಕೇ ಹೊರಟ. ಒಟ್ಟು 11.50. ನಿಧಾನದ ಗಾಡಿ ಗೆದ್ದಿತು! ಅಂಥ ಓಟ ಕಣ್ಣೆದುರು ನಡೆದಾಗ ಅದು ಯಾಕೆ ಗೆದ್ದಿತು ಅಂತ ತಿಳಿದು ನೋಡುವುದಿದೆಯಲ್ಲ, ನನಗೆ ಈ ಆಟದಲ್ಲಿ ಅದಕ್ಕಿಂತ ದೊಡ್ಡ ಖುಷಿ ಇಲ್ಲ.

ಹೊರಡುವಾಗ ಸವಾರನ ಎಡಗೈ ನೋಡು. ಕ್ಲಚ್ ದಬಕ್ಕನೆ ಬಿಟ್ಟರೆ ಮುಂದಿನ ಗಾಲಿ ಮೇಲೇಳುತ್ತದೆ, ಆಕ್ಸಿಲರೇಟರ್ ಇಳಿಸಲೇಬೇಕಾಗುತ್ತದೆ. ಅಂಜಿ ತೀರಾ ಮೆಲ್ಲಗೆ ಬಿಟ್ಟರೆ ಕ್ಲಚ್ ಜಾರುತ್ತಲೇ ಇದ್ದು ಹೊತ್ತು ಹೋಗುತ್ತದೆ. ಸರಿಯಾಗಿ ಬಿಟ್ಟವನ ಬೈಕ್ ಹಿಂದೆ ಕುಸಿದು, ಮುಂದಿನ ಗಾಲಿ ನೆಲ ಸವರಿಕೊಂಡೇ ಹೋಗುತ್ತದೆ. ಇದೆಲ್ಲ ಶುರುವಿನ ಕಡೆ ನಿಂತವರಿಗೆ ಮಾತ್ರ ಕಾಣುತ್ತದೆ.

ಅಪ್ಪನಿಗೆ ಇದು ಅರ್ಥ ಆಗುತ್ತಾ ಅಂತ ಕೇಳಿದ್ದೀಯ. ನಮ್ಮ ಕಡೆ ಜಾತ್ರೆಯ ಖಾಲಿ ಗಾಡಾ ಓಟ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಅಲ್ಲಿ ಎಷ್ಟೋ ಊರಲ್ಲಿ ಒಂದು ನಿಮಿಷ ಅಂತ ಇಟ್ಟು, ಎತ್ತು ಎಷ್ಟು ಅಡಿ ಓಡಿದವು ಅಂತ ಅಳೆಯುತ್ತಾರೆ. ಇಲ್ಲಿ ಅಡಿ ಗೊತ್ತು ಮಾಡಿ ಸಮಯ ಅಳೆಯುತ್ತಾರೆ. ಎತ್ತು ಹೊರಡುವ ಗಳಿಗೆಯಲ್ಲೇ ಜೋಡಿ ಹೇಗಿದೆ ಅಂತ ಹೇಳುವ ಹಿರಿಯರು ಡ್ರ್ಯಾಗ್ ರೇಸಿನಲ್ಲೂ ನಮಗಿಂತ ಚೆನ್ನಾಗಿ ಗುರುತಿಸುತ್ತಾರೆ.

ಈಗ ಹಾಟ್ ರಾಡ್. ನೀನು ಹಾಕಿದ ಫೋಟೋದಲ್ಲಿರುವುದು 1932ರ ಫೋರ್ಡ್ ಮಾದರಿ. ಆ ವರ್ಷ ಫೋರ್ಡ್ ಕಂಪನಿ ಸಾಮಾನ್ಯ ಜನ ಕೊಳ್ಳುವ ಬೆಲೆಯ ಕಾರಿಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಹಾಕಿತು. ಕ್ಯಾಲಿಫೋರ್ನಿಯಾದ ಹುಡುಗರು ಹಳೆ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕಿತ್ತು, ಟಾಪ್ ಕತ್ತರಿಸಿ ಗಿಡ್ಡ ಮಾಡಿ, ಎಂಜಿನ್ನಿನ ಶಕ್ತಿ ಏರಿಸಿ, ಮುರಾಕ್, ಎಲ್ ಮಿರಾಜ್ ಎಂಬ ಒಣ ಕೆರೆಯ ಬಯಲಲ್ಲಿ ಓಡಿಸುತ್ತಿದ್ದರು. ಅಂಥ ಕಾರು ನಮ್ಮ ಮೀಟ್‌ಗಳಲ್ಲಿ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡ. ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಇಲ್ಲಿ ನಿನಗೆ ಸಿಗುವುದು ಸೂಪರ್‌ಬೈಕ್, ಟ್ಯೂನ್ ಮಾಡಿದ ಕಾರು, ಜೊತೆಗೆ ಹಳೆಯ ಟೂ ಸ್ಟ್ರೋಕ್ ಬೈಕು. ನನ್ನನ್ನು ಕೇಳಿದರೆ ಟೂ ಸ್ಟ್ರೋಕ್ ಓಟ ತಪ್ಪಿಸಲೇಬಾರದು. ಆ ಸದ್ದು ಕೇಳಿದರೆ ಅಪ್ಪನ ಮುಖ ನೋಡು!

ನಾನು ನಿಜವಾದ ಹಾಟ್ ರಾಡ್ ನೋಡಿದ್ದು ಇಂಗ್ಲೆಂಡಿನ ಸ್ಯಾಂಟಾ ಪಾಡ್‌ನಲ್ಲಿ, ತಂಗಿ ಆ ಕಡೆ ಇದ್ದಾಗ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಹಾರುತ್ತಿದ್ದ ಪಾಡಿಂಗ್ಟನ್ ರನ್‌ವೇಯನ್ನೇ 1966ರಲ್ಲಿ ಡ್ರ್ಯಾಗ್ ಸ್ಟ್ರಿಪ್ ಮಾಡಿದರು. ಟಿಕೆಟ್ ಕೊಂಡವರು ಗಾಡಿ ಸಜ್ಜು ಮಾಡುವ ಜಾಗ, ಅಂದರೆ ಪಿಟ್ ಒಳಗೇ ಅಡ್ಡಾಡಬಹುದು. ಎಂಜಿನ್ ಬಿಚ್ಚಿ ಜೋಡಿಸುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು. ದೊಡ್ಡ ವರ್ಗದ ಟಾಪ್ ಫ್ಯೂಯೆಲ್ ಗಾಡಿಗಳಿಗೆ ಪೆಟ್ರೋಲ್ ಬದಲು ಹೆಚ್ಚಿನಂಶ ನೈಟ್ರೋಮೀಥೇನ್ ಹಾಕುತ್ತಾರೆ. ಒಂದು ಕೆಜಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ನೈಟ್ರೋಗೆ 1.7 ಕೆಜಿ ಸಾಕು. ಕೆಜಿ ಲೆಕ್ಕದಲ್ಲಿ ಅದರ ಶಕ್ತಿ ಪೆಟ್ರೋಲಿನ ಕಾಲು ಭಾಗವೇ ಆದರೂ, ಅಷ್ಟೇ ಗಾಳಿಗೆ ಎಂಟು ಪಟ್ಟು ಜಾಸ್ತಿ ಇಂಧನ ತುರುಕಬಹುದು. ಹಾಗಾಗಿ ಒಟ್ಟು ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ. ಅಮೆರಿಕದಲ್ಲಿ ಈ ಗಾಡಿಗಳು ಗಂಟೆಗೆ 530 ಕಿ.ಮೀ. ದಾಟಿವೆ. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕ ತೀರಿಕೊಂಡ ಮೇಲೆ ಅಲ್ಲಿ ಇವುಗಳ ಓಟವನ್ನು 1000 ಅಡಿಗೆ ಇಳಿಸಿದರು.

ನಿಮಗೆ ಹತ್ತಿರದ್ದು ಯಾವುದು ಅಂದರೆ, ಅನುಕೂಲ ನೋಡು: ನಮ್ಮ ಹುಬ್ಬಳ್ಳಿಯ ಮೇಲೆ ಹಾಯುವ ಎನ್‌ಎಚ್ 48 ಎರಡೂ ಕಡೆಗೆ ಒಯ್ಯುತ್ತದೆ. ಒಂದು ದಿಕ್ಕಿಗೆ ಬೆಳಗಾವಿ, ಪುಣೆ ದಾಟಿ ಲೋಣಾವಳ. ಅಲ್ಲಿಂದ ಒಳಗೆ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ ವ್ಯಾಲಿ ರನ್ ಎಂಬ ಕಾರು-ಬೈಕುಗಳ ಡ್ರ್ಯಾಗ್ ಓಟ ನಡೆದಿದೆ. ಇನ್ನೊಂದು ದಿಕ್ಕಿಗೆ ಬೆಂಗಳೂರು ದಾಟಿ ಚೆನ್ನೈಗಿಂತ ಸ್ವಲ್ಪ ಈಚೆ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್. ರಾಷ್ಟ್ರೀಯ ಬೈಕ್ ಡ್ರ್ಯಾಗ್ ಚಾಂಪಿಯನ್‌ಶಿಪ್ ಅಲ್ಲಿ ನಡೆದಿದೆ. ದಿನಾಂಕ ವರ್ಷವರ್ಷ ಬದಲಾಗುತ್ತದೆ. ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಒಕ್ಕೂಟ ಎಫ್‌ಎಂಎಸ್‌ಸಿಐನ ಕ್ಯಾಲೆಂಡರ್ ನೋಡಿಯೇ ಗಾಡಿ ಬುಕ್ ಮಾಡು. ಮಳೆಗಾಲ ಬೇಡ. ಟ್ರ್ಯಾಕ್ ಒದ್ದೆಯಾದರೆ ಒಣಗುವವರೆಗೆ ಓಟ ನಿಲ್ಲುತ್ತದೆ.

ಕಿವಿಗೆ ಇಯರ್ ಪ್ಲಗ್ ಎಲ್ಲರಿಗೂ ಬೇಕು. ಮಕ್ಕಳಿದ್ದರೆ ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಬೇಕು, ಹತ್ತಿ ತುರುಕಿದರೆ ಸಾಲದು. ಕೂಸಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ. ಟೊಪ್ಪಿಗೆ, ನೀರು ಜಾಸ್ತಿ ಇರಲಿ. ರನ್‌ವೇ ಮೇಲೆ ನೆರಳೇ ಇರುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡರೆ ದಾರಿಗೂ ಆಯಿತು. ಬೆಳಿಗ್ಗೆ ಪ್ರಾಕ್ಟೀಸ್ ಹೊತ್ತಿಗೇ ಹೋಗಿ, ಗಾಡಿಗಳ ನಂಬರು, ಸಮಯ ಒಂದು ವಹಿಯಲ್ಲಿ ಬರೆದುಕೊಳ್ಳಿ. ಮಧ್ಯಾಹ್ನ ಯಾರು ಗೆಲ್ಲಬಹುದು ಅಂತ ಅಪ್ಪ-ಮಗ ವಾದ ಮಾಡಲು ಅದೇ ಆಧಾರ.

ಇನ್ನು ಬೈಪಾಸ್. ಬೇಡ ತಮ್ಮಾ. ಗಬ್ಬೂರಿನಿಂದ ನರೇಂದ್ರದವರೆಗಿನ ಆ ರಸ್ತೆ ಎಷ್ಟು ಮನೆಯ ದೀಪ ಆರಿಸಿದೆ ಅಂತ ಈ ಗುಂಪಿನವರಿಗೆಲ್ಲ ಗೊತ್ತು. ದೊಡ್ಡ ಬೈಕು 402 ಮೀಟರ್ ಮುಗಿಸುವಾಗ ಸೆಕೆಂಡಿಗೆ 60 ಮೀಟರ್‌ಗಿಂತ ಜಾಸ್ತಿ ಹೋಗುತ್ತಿರುತ್ತದೆ. ಅದು ನಿಲ್ಲಲು ಇನ್ನೂ 300 ಮೀಟರ್ ಆದರೂ ಖಾಲಿ ಇರಬೇಕು. ಅಲ್ಲಿ ಲಾರಿ, ಟ್ರ್ಯಾಕ್ಟರ್ ಯಾವಾಗ ಅಡ್ಡ ಬರುತ್ತವೋ ಯಾರಿಗೆ ಗೊತ್ತು? ಅಮೆರಿಕದಲ್ಲೂ ಹುಡುಗರು ಹೀಗೆ ರಸ್ತೆಯಲ್ಲಿ ಓಡಿಸುತ್ತಿದ್ದರು. ಅವರನ್ನು ರಸ್ತೆಯಿಂದ ಬಿಡಿಸಿ ಸುರಕ್ಷಿತ ಜಾಗಕ್ಕೆ ತರಬೇಕು ಅಂತಲೇ ವಾಲಿ ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ ಎಂಬ ಡ್ರ್ಯಾಗ್ ರೇಸ್ ಸಂಸ್ಥೆ ಕಟ್ಟಿದರು. 1950ರಲ್ಲೇ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಟ್ಟು ಓಟ ಶುರುವಾಗಿತ್ತು. ಡ್ರ್ಯಾಗ್ ಸ್ಟ್ರಿಪ್ ಹುಟ್ಟಿದ್ದೇ ಇದಕ್ಕೆ.

ಓಡಿಸುವ ಆಸೆ ನಿಜವಾಗಿ ಇದ್ದರೆ ಮೊದಲು ಒಂದು ಮೀಟ್ ಪೂರ್ತಿ ನೋಡು. ಆಮೇಲೆ ಫುಲ್ ಫೇಸ್ ಹೆಲ್ಮೆಟ್, ರೈಡಿಂಗ್ ಜಾಕೆಟ್, ಗ್ಲೌಸ್, ಬೂಟಿಗೆ ದುಡ್ಡು ಕೂಡಿಡು. ರಾಷ್ಟ್ರೀಯ ಮಟ್ಟದ ಓಟಕ್ಕೆ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ನಿನ್ನ ಬೈಕ್ ಯಾವುದು, ಎಷ್ಟು ಸಿಸಿ, ಏನಾದರೂ ಬದಲಾಯಿಸಿದ್ದೀಯಾ ಅಂತ ಇಲ್ಲೇ ಬರೆ. ಯಾವ ವರ್ಗಕ್ಕೆ ಬರುತ್ತದೆ ಅಂತ ನೋಡಿ ಹೇಳುತ್ತೇನೆ.